ಬೀಗ ಗಟ್ಟಿಯಾದರೆ ಸಾಲದು

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿಯೂ ಬಂಗಾರವನ್ನು ಗೋಡೆಯ ಗೂಡಿನಲ್ಲಿಯೂ ಜೋಪಾನ ಮಾಡುತ್ತಿದ್ದರು. ಹಗೇವಿನ ಬಾಯಿ ಎಲ್ಲಿದೆಯೆಂಬುದು ಮನೆಯ ಹಿರಿಯ ಸೊಸೆಗೂ ತಿಳಿದಿರುತ್ತಿತ್ತು. ಇಂದು ಬಂಗಾರವು ಬ್ಯಾಂಕಿನ ಲಾಕರು ಸೇರಿದೆ. ಬೀಗವೇನೋ ಗಟ್ಟಿಯಾಗಿದೆ, ಮನೆಯವರ ತಿಳಿವಳಿಕೆ ಮಾತ್ರ ಸಡಿಲವಾಗಿದೆ.

ನಮಗೆ ಪರಿಚಿತರಾದ ಒಬ್ಬ ತಾಯಿಯವರು ಒಮ್ಮೆ ನಮ್ಮಲ್ಲಿಗೆ ಬಂದು ಕಣ್ಣೀರಿಟ್ಟರು. ಯಜಮಾನರು ಲಿಂಗೈಕ್ಯರಾಗಿ ಎಂಟು ತಿಂಗಳಾಗಿದ್ದವು. ಲಾಕರು ಅವರೊಬ್ಬರ ಹೆಸರಿನಲ್ಲಿತ್ತು, ನಾಮನಿರ್ದೇಶನವಿರಲಿಲ್ಲ, ಕೀಲಿ ಎಲ್ಲಿದೆಯೆಂದು ಯಾರೂ ಅರಿಯರು. ಅವರು ಬರೆದಿಟ್ಟಿದ್ದ ಮೃತ್ಯುಪತ್ರವೂ ಆ ಲಾಕರಿನೊಳಗೇ ಇತ್ತು! ಮಗಳ ಮದುವೆ ಸಮೀಪಿಸಿತ್ತು. ಒಡವೆಗಳ ಲೆಕ್ಕ ತಿಳಿಯದೆ ಮಕ್ಕಳಲ್ಲಿ ಸಂಶಯ ಹುಟ್ಟಿತು. “ಗುರುಗಳೇ, ಕಳ್ಳರು ಒಯ್ದಿದ್ದರೆ ಒಂದೇ ದುಃಖ, ಈಗ ಮನೆಯೇ ಒಡೆಯಿತು” ಎಂದರು ಆ ತಾಯಿ.

ಲಾಕರನ್ನು ಆರಿಸುವ ಗೃಹಸ್ಥರು ಮೊದಲು ಅರಿಯಬೇಕಾದುದು ಬ್ಯಾಂಕಿನ ಹೊಣೆಯ ಮಿತಿಯನ್ನು. ಲಾಕರಿನ ಹೊಣೆಯಿಂದ ಬ್ಯಾಂಕು ಕೈತೊಳೆದುಕೊಳ್ಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ರಿಸರ್ವ್ ಬ್ಯಾಂಕು ರಚಿಸಿದ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದವು. ಅವುಗಳಂತೆ ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ, ನೌಕರರ ವಂಚನೆ ಇವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ರೂಪಾಯಿಯಾಗಿದ್ದರೆ 3 ಲಕ್ಷ. ಒಳಗೆ ಮೂವತ್ತು ತೊಲೆ ಬಂಗಾರವಿದ್ದರೂ ಅಷ್ಟೇ. ಒಳಗಿನ ವಸ್ತುಗಳಿಗೆ ಬ್ಯಾಂಕು ವಿಮೆ ಮಾಡಿಸುವುದಿಲ್ಲ. ಬೇಕಾದವರು ತಾವೇ ಪ್ರತ್ಯೇಕವಾಗಿ ಮಾಡಿಸಬೇಕು.

ನೆರೆ, ಭೂಕಂಪಗಳಂತಹ ಪ್ರಕೃತಿಯ ವಿಕೋಪಕ್ಕೆ ಈ ಹೊಣೆಯೂ ಇಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಯರು ಉಕ್ಕಿದುದನ್ನು ಕಂಡವರು, ಲಾಕರಿನ ಕೋಣೆ ನೆಲಮಾಳಿಗೆಯಲ್ಲಿದೆಯೋ ಎತ್ತರದಲ್ಲಿದೆಯೋ ಎಂಬುದನ್ನು ಕಣ್ಣಾರೆ ನೋಡಿಯೇ ಒಪ್ಪಂದಕ್ಕೆ ಸಹಿ ಹಾಕಬೇಕು.

ಎರಡನೆಯದು, ಇಡತಕ್ಕ ವಸ್ತು. ಒಡವೆ, ಹಿರಿಯರ ಬೆಳ್ಳಿಯ ಕರಡಿಗೆ, ಹೊಲಮನೆಯ ಕಾಗದಪತ್ರಗಳನ್ನು ಇಡಬಹುದು. ನಗದು ಹಣವನ್ನು ಇಡಕೂಡದು. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಮಗಳ ಮದುವೆಗೆಂದು ಒಬ್ಬ ತಾಯಿ ಲಾಕರಿನಲ್ಲಿಟ್ಟಿದ್ದ 18 ಲಕ್ಷ ರೂಪಾಯಿಯ ನೋಟುಗಳನ್ನು ಗೆದ್ದಲು ತಿಂದುದು 2023ರಲ್ಲಿ ಬೆಳಕಿಗೆ ಬಂದಿತು.

ಮೂರನೆಯದೇ ಮುಖ್ಯವಾದುದು. ಲಾಕರು ಒಬ್ಬರ ಹೆಸರಿನಲ್ಲಿ ಮಾತ್ರ ಬೇಡ, ಪತಿಪತ್ನಿಯರಿಬ್ಬರ ಹೆಸರಿನಲ್ಲಿರಲಿ. ನಾಮನಿರ್ದೇಶನವನ್ನು ತಪ್ಪದೆ ಮಾಡಿಸಿರಿ. 2025ರ ನವೆಂಬರ್ 1ರಿಂದ ನಾಲ್ವರನ್ನು ಒಬ್ಬರ ನಂತರ ಒಬ್ಬರಂತೆ ಹೆಸರಿಸಲು ಅವಕಾಶವಾಗಿದೆ. ನಾಮನಿರ್ದೇಶಿತರು ವಸ್ತುಗಳನ್ನು ಪಡೆದುಕೊಳ್ಳಬಹುದು. ಅಷ್ಟರಿಂದಲೇ ಅವುಗಳ ಒಡೆಯರಾಗುವುದಿಲ್ಲ, ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ತಿಳಿಹೇಳಿದರೆ ಮುಂದೆ ಮನಸ್ತಾಪ ತಪ್ಪೀತು. ಮೃತ್ಯುಪತ್ರವು ಲಾಕರಿನ ಹೊರಗೆ, ನಂಬಿಕೆಯ ಸ್ಥಳದಲ್ಲಿರಲಿ. ವಸ್ತುಗಳ ಪಟ್ಟಿಯನ್ನು ತೂಕಸಹಿತ ಬರೆದು ಮನೆಯಲ್ಲಿಡಿರಿ. ಬಾಡಿಗೆಯನ್ನು ಮರೆಯಬೇಡಿರಿ; ಮೂರು ವರ್ಷ ಸತತವಾಗಿ ಬಾಕಿಯಾದರೆ, ನೋಟೀಸು ಕೊಟ್ಟು ಲಾಕರನ್ನು ಒಡೆಸುವ ಅಧಿಕಾರ ಬ್ಯಾಂಕಿಗೆ ಇದೆ.

ಆ ತಾಯಿಯವರ ಲಾಕರನ್ನು, ವಾರಸುದಾರರೆಲ್ಲರೂ ಒಪ್ಪಿ ಸಹಿ ಮಾಡಿದ ಮೇಲೆ, ಸಾಕ್ಷಿಗಳೆದುರು ಒಡೆಸಲಾಯಿತು. ಒಡವೆ ಒಂದೂ ಕಡಿಮೆಯಾಗಿರಲಿಲ್ಲ. ಆದರೆ ಅಷ್ಟರಲ್ಲಿ ಮಗಳ ಮದುವೆ ಎರವಲು ಒಡವೆಯಲ್ಲಿ ಮುಗಿದಿತ್ತು. ಅಣ್ಣತಮ್ಮಂದಿರು ಈವರೆಗೂ ಒಂದೇ ಪಂಕ್ತಿಯಲ್ಲಿ ಕುಳಿತಿಲ್ಲ.

ಓದುಗ ಬಂಧುಗಳು ಇಂದಿನ ಸಂಜೆಯ ಪೂಜೆಯ ನಂತರ ಮನೆಮಂದಿಯೊಡನೆ ಕುಳಿತು, ಕೀಲಿ ಎಲ್ಲಿದೆ, ಹೆಸರು ಯಾರದಿದೆ, ಒಳಗೇನಿದೆ ಎಂಬ ಮೂರು ಮಾತುಗಳನ್ನು ಆಡಲಿ. ಇಷ್ಟೇ ನಮ್ಮ ಅರಿಕೆ.