ಮೋಡ ಇದ್ರೂ ಉಲ್ಕೆ ಎಣಿಸಬಹುದು

ಜೂನ್ 7ರ ಆಸುಪಾಸು ಏರಿಯೆಟಿಡ್ ಉಲ್ಕಾಪಾತ ಜೋರಾಗಿರುತ್ತೆ. ಆದ್ರೆ ಅದು ಹಗಲಿನದು, ಮೇಲೆ ಮುಂಗಾರಿನ ಮೋಡ ಬೇರೆ. ಕಣ್ಣಿಗೆ ಕಾಣಲ್ಲ, ರೇಡಿಯೋಗೆ ಸಿಗುತ್ತೆ.

ಉಲ್ಕೆ ಉರಿದಾಗ ಸುಮಾರು 80–100 ಕಿ.ಮೀ. ಎತ್ತರದಲ್ಲಿ ಅಯಾನುಗಳ ಗೆರೆ ಮೂಡುತ್ತೆ. ಸಾವಿರ ಕಿ.ಮೀ. ದೂರದ ಎಫ್‌ಎಂ ಸ್ಟೇಷನ್ನಿನ ಅಲೆ ಅದಕ್ಕೆ ತಾಗಿ ನಮ್ಮ ಕಡೆ ತಿರುಗುತ್ತೆ. ಬರೀ ಗೊರಗೊರ ಅನ್ನೋ ಜಾಗದಲ್ಲಿ ಹಾಡಿನ ಒಂದು ಚೂರು ಕೇಳಿಸಿ ಮಾಯ!

ಬೇಕಾಗಿರೋದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಲ್ಯಾಪ್‌ಟಾಪ್, ನಾವೇ ಕಟ್ಟಿದ ಯಾಗಿ ಆಂಟೆನಾ. ನಗರದಲ್ಲಿ ಎಫ್‌ಎಂ ಬ್ಯಾಂಡ್ ತುಂಬಿಹೋಗಿರುತ್ತೆ. ಅದಕ್ಕೇ ಎಲ್ಲಾ ಬ್ಯಾಗಿಗೆ ಹಾಕ್ಕೊಂಡು ಹಳ್ಳಿ ಕಡೆ ಹೋಗಬೇಕು.

"ಲ್ಯಾಬಲ್ಲಿ ಸೌಲಭ್ಯ ಇಲ್ಲ" ಅನ್ನೋದು ನಮ್ಮ ಹಳೇ ನೆಪ. 1946ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕಿನಲ್ಲಿ ಬರ್ನಾರ್ಡ್ ಲೊವೆಲ್ ತಂಡ ಉಲ್ಕೆ ಎಣಿಸಿದ್ದು ಯುದ್ಧ ಮುಗಿದು ಮಿಕ್ಕ ಸೇನೆಯ ರೇಡಾರ್‌ನಿಂದ. ಮರುವರ್ಷ ಹಗಲಿನ ಉಲ್ಕಾಪಾತಗಳು ಪತ್ತೆಯಾದದ್ದೂ ಅಲ್ಲೇ.

ದುಡ್ಡು ಕೊಟ್ಟು ತಂದ ರೆಡಿಮೇಡ್ ಪ್ರಾಜೆಕ್ಟ್ ವೈವಾದಲ್ಲಿ ಕೈಕೊಡುತ್ತೆ. ಇಲ್ಲಿ ಮಿಂಚು ಯಾವುದು, ಉಲ್ಕೆ ಯಾವುದು ಅಂತ ನಾವೇ ಕೂತು ಬೇರ್ಪಡಿಸಬೇಕು. ತಪ್ಪೂ ನಮ್ದೇ, ಡೇಟಾನೂ ನಮ್ದೇ. ಮುಂದಿನ ಜೂನ್‌ಗೆ ಯಾರ್ಯಾರು ಬರ್ತೀರಾ?