ಬಾಡಿಗೆ ಗೋಡೆ ಮೇಲೆ ನಮ್ಮ ಚರಿತ್ರೆ ಬೇಡ



ಸಂಘಟನೆಗೊಂದು ವೆಬ್‌ಸೈಟ್ ಅಂದ ಕೂಡಲೇ "ಬಿಲ್ಡರ್ ಇದೆಯಲ್ಲ, ಎಳೆದು ಕೂರಿಸಿದ್ರೆ ಆಯ್ತು, ಕೋಡ್ ಎಲ್ಲಾ ನಮಗ್ಯಾಕೆ?" ಅಂತಾರೆ. ಆ "ನಮಗ್ಯಾಕೆ"ಗೇ ನನ್ನ ತಕರಾರು. ಅಕ್ಷರದ ವಿಷಯದಲ್ಲಿ ನಮ್ಮ ಹಿರಿಯರಿಗೆ "ನಿಮಗ್ಯಾಕೆ" ಅಂದವರು ಬೇರೆಯವರು. ಈಗ ನಾವೇ ನಮಗೆ ಹೇಳ್ಕೊಳ್ತಿದ್ದೀವಿ.

ನಾಳಿನ ಧರಣಿಯ ಪ್ರಚಾರಕ್ಕೆ ಬಿಲ್ಡರ್ ಸಾಕು, ಬೇಡ ಅನ್ನಲ್ಲ. ಆದರೆ ದೌರ್ಜನ್ಯದ ಸತ್ಯಶೋಧನಾ ವರದಿಗಳನ್ನು ಅಲ್ಲಿ ಮಾತ್ರ ಇಟ್ಟು ಕೂರಬೇಡಿ. ಎಷ್ಟೋ ಬಿಲ್ಡರ್‌ಗಳಲ್ಲಿ ಕಟ್ಟಿದ ಪುಟವನ್ನು ಹಾಗೇ ಹೊತ್ತು ಬೇರೆ ಕಡೆ ಇಳಿಸೋಕೆ ಆಗಲ್ಲ. 2009ರಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಮುಚ್ಚಿದಾಗ ಲಕ್ಷಾಂತರ ಪುಟಗಳ ವಿಳಾಸವೇ ಅಳಿಸಿಹೋಯ್ತು. ಫೈಲು ಕೈಯಲ್ಲಿದ್ದವರು ಇನ್ನೊಂದು ಕಡೆ ಏರಿಸಬಹುದಿತ್ತು.

ಎಚ್‌ಟಿಎಂಎಲ್ ಏನು ಮಂತ್ರವೇ? ತಲೆಬರಹಕ್ಕೊಂದು ಟ್ಯಾಗ್, ಪ್ಯಾರಾಕ್ಕೊಂದು, ಲಿಂಕಿಗೊಂದು. ನೋಟ್‌ಪ್ಯಾಡ್ ಸಾಕು. ಪೆನ್‌ಡ್ರೈವ್‌ಗೆ ಹಾಕ್ಕೊಂಡ್ರೆ ನೆಟ್ ಇಲ್ಲದ ಕೇರಿಯ ಕಂಪ್ಯೂಟರಲ್ಲೂ ತೆರೆಯುತ್ತೆ.

1920ರಲ್ಲಿ ಬಾಬಾಸಾಹೇಬರ ‘ಮೂಕನಾಯಕ’ದ ಜಾಹೀರಾತನ್ನು ದುಡ್ಡು ಕೊಡ್ತೀವಿ ಅಂದ್ರೂ ‘ಕೇಸರಿ’ ಹಾಕಲಿಲ್ಲ. ಬಾಬಾಸಾಹೇಬರು ಪರರ ಪುಟದಲ್ಲಿ ಜಾಗ ಸಿಗಲಿ ಅಂತ ಕಾಯಲಿಲ್ಲ, ಸ್ವಂತ ಪತ್ರಿಕೆ ನಡೆಸಿದರು.

ಪ್ರತಿ ಸಂಘಟನೆಯಲ್ಲೂ ಇಬ್ಬರಾದರೂ ಕೋಡ್ ಕಲೀಲಿ. ಅವರಲ್ಲಿ ಒಬ್ಬಳು ಹೆಣ್ಣುಮಗಳಿರಲಿ.

ಜೈ ಭೀಮ್.