ಡಿಂಕ್ ಮಾಡಿದ್ರೆ ‘ಆಂಟಿ ಗೇಮ್’ ಅಂತ ಆಡ್ಕೊಳ್ಳೋರಿಗೆ (ಪಿಕಲ್‌ಬಾಲ್ ಸರಣಿ, ಭಾಗ 3)

ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ಭಾನುವಾರ ಬೆಳಿಗ್ಗೆ, ಹೂಡಿ ಹತ್ರದ ಕೋರ್ಟ್. ಬಾಲ್ ನನ್ನ ಪಾರ್ಟ್ನರ್ ಮೊಣಕಾಲಿನ ಹತ್ರ ಇದೆ, ನೆಟ್‌ಗಿಂತ ಒಂದಡಿ ಕೆಳಗೆ. ಪ್ಯಾಡಲ್ ಮಾತ್ರ ಸಿಕ್ಸರ್ ಹೊಡೆಯೋ ಥರ ಹಿಂದಕ್ಕೆ ಹೋಗಿದೆ. ಮುಂದೇನಾಯ್ತು ಅಂತ ಬೇರೆ ಹೇಳ್ಬೇಕಾ? ನೆಟ್. ಪಕ್ಕದಲ್ಲಿ ಪ್ಯಾಡಲ್ ಹಿಡ್ಕೊಂಡು ಸುಮ್ನೆ ನಿಂತಿರೋದು ನಾನು. ಅದು ನನ್ನ ಬಾಲ್ ಆಗಿತ್ತು.

ಫೆಸ್ಟ್‌ಗೆ ಮಿಕ್ಸೆಡ್ ಡಬಲ್ಸ್ ಜೋಡಿ ಆರಿಸುವಾಗ ನನಗೆ ಸಿಕ್ಕ ಉತ್ತರ: ‘ಚೆನ್ನಾಗೇ ಆಡ್ತೀಯ, ಆದ್ರೆ ಪವರ್ ಇಲ್ಲ ಕಣೇ.’ ಸರಿ, ಪವರ್ ಬಗ್ಗೆನೇ ಮಾತಾಡೋಣ.

ನೆಟ್ ಮಧ್ಯದಲ್ಲಿ 34 ಇಂಚು, ಅಂಚಲ್ಲಿ 36. ಅದಕ್ಕಿಂತ ಕೆಳಗಿರೋ ಬಾಲನ್ನ ಮೇಲಕ್ಕೇ ಹೊಡೀಬೇಕು, ಬೇರೆ ದಾರಿ ಇಲ್ಲ. ಜೋರಾಗಿ ಮೇಲಕ್ಕೆ ಹೊಡೆದ್ರೆ ಒಂದೋ ಔಟ್, ಇಲ್ಲಾ ಎದುರಿನವರ ಎದೆ ಮಟ್ಟಕ್ಕೆ ಹೋಗಿ ಅವರಿಗೇ ಗಿಫ್ಟ್. ಇನ್ನು ರೂಲ್ಸ್ ನೋಡಿ. ಸರ್ವ್ ಒಂದ್ಸಲ ಪುಟಿಯಬೇಕು, ರಿಟರ್ನ್ ಕೂಡ ಒಂದ್ಸಲ ಪುಟಿಯಬೇಕು. ಅಂದ್ರೆ ಸರ್ವ್ ಮಾಡಿದವರು ಹಿಂದೆ ಸಿಕ್ಕಾಕೊಂಡಿರ್ತಾರೆ, ರಿಟರ್ನ್ ಮಾಡಿದವರು ಆರಾಮಾಗಿ ಮುಂದೆ ಬಂದು ಕಿಚನ್ ಲೈನ್ ಹತ್ರ ಪ್ಯಾಡಲ್ ಎತ್ಕೊಂಡು ನಿಂತಿರ್ತಾರೆ. ಅಂಥವರ ಮೇಲೆ ಮೂರನೇ ಶಾಟಲ್ಲೇ ಸಿಡಿಸೋದು ಗೋಡೆಗೆ ಹೊಡೆದ ಹಾಗೆ, ಅಷ್ಟೇ ಸ್ಪೀಡಲ್ಲಿ ವಾಪಸ್ ಬರುತ್ತೆ. ಅದೇ ಬಾಲನ್ನ ಮೆತ್ತಗೆ ಅವರ ಕಿಚನ್‌ಗೆ, ಆ 7 ಅಡಿ ಜಾಗಕ್ಕೆ, ಡ್ರಾಪ್ ಮಾಡಿ. ಆ ಜಾಗದೊಳಗೆ ನಿಂತು ವಾಲಿ ಹೊಡೆಯೋ ಹಾಗಿಲ್ಲ. ಅವರು ಬಗ್ಗಿ ಮೇಲಕ್ಕೆ ಎತ್ತಲೇಬೇಕು. ಅಷ್ಟರಲ್ಲಿ ನಾವಿಬ್ರೂ ಮುಂದೆ ಬಂದಾಯ್ತು.

ಇದನ್ನ ‘ಡಿಫೆನ್ಸ್’ ಅಂತ ಕರೆಯೋರಿಗೆ ಏನ್ ಹೇಳೋದು ಗುರು!

ವೈಟ್‌ಫೀಲ್ಡಲ್ಲಿ ಬೆಳಿಗ್ಗೆ ಆರಕ್ಕೆ ಬರೋ ಅಂಕಲ್ ಆಂಟಿ ಜೋಡಿಗಳ ಜೊತೆ ಒಂದ್ಸಲ ಆಡಿ ನೋಡಿ. ನಮ್ಮ ಕ್ಲಾಸಿನ ಇಬ್ಬರು ಜಿಮ್ ಬಾಡಿಗಳು ಹೋಗಿ 4-11ರಲ್ಲಿ ಸೋತು ಬಂದ್ರು. ಆಂಟಿ ಒಂದೇ ಒಂದು ಸ್ಮ್ಯಾಶ್ ಹೊಡೀಲಿಲ್ಲ. ಡಿಂಕ್, ಡಿಂಕ್, ಡಿಂಕ್. ಇವರಿಗೆ ತಡ್ಕೊಳ್ಳೋಕಾಗದೆ ಇವರೇ ಔಟ್ ಹೊಡ್ಕೊಂಡ್ರು. ಅಕೌಂಟ್ಸ್ ಓದೋರಿಗೆ ಇದು ಅರ್ಥ ಆಗ್ಬೇಕಿತ್ತು: ಎದುರಾಳಿ ಖರ್ಚು ಮಾಡ್ಸಿದ್ದಲ್ಲ, ನೀವೇ ಬರ್ಕೊಂಡ ಖರ್ಚು. (ಹೊರಗೆ ಬಂದು ಇಬ್ರೂ ಹೇಳಿದ್ದು: ‘ಬಾಲ್ ಸರಿ ಇರ್ಲಿಲ್ಲ.’)

ಎರಡನೇ ಭಾಗದ ಕಾಮೆಂಟಲ್ಲಿ ಒಬ್ಬ ‘ಗಂಡಸ್ರ ಆಟ ಆಡು’ ಅಂತ ಬರೆದಿದ್ದ. ಅವನಿಗೋಸ್ಕರ ಇದು. ಪಿಕಲ್‌ಬಾಲ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನದೇ ಅಳತೆ. 1965ರಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಶುರುವಾಗಿದ್ದೇ ಒಂದು ಹಳೇ ಬ್ಯಾಡ್ಮಿಂಟನ್ ಕೋರ್ಟಲ್ಲಿ. ಆ ಬ್ಯಾಡ್ಮಿಂಟನ್‌ನಲ್ಲಿ ನಮ್ಮೂರಿನ ದೊಡ್ಡ ಹೆಸರು ಯಾರದು? ಮಲ್ಲೇಶ್ವರದ ಕೆನರಾ ಯೂನಿಯನ್ ಮದುವೆ ಹಾಲ್‌ನಲ್ಲಿ ಆಟ ಕಲಿತ ಪ್ರಕಾಶ್ ಪಡುಕೋಣೆ. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಅವರ ಎದುರಿಗಿದ್ದವರು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷದ ಚಾಂಪಿಯನ್, ಹಾರಿ ಹೊಡೆಯೋ ಸ್ಮ್ಯಾಶ್‌ಗೇ ಫೇಮಸ್. ಪ್ರಕಾಶ್ ಅವರ ಜೊತೆ ಸ್ಮ್ಯಾಶ್ ಪೈಪೋಟಿಗೆ ಹೋಗಲಿಲ್ಲ. ಟಾಸ್, ಡ್ರಾಪ್, ವೇಗ ಕಮ್ಮಿ. 15-3, 15-10. ಹೋಗಿ ಅವರಿಗೆ ಹೇಳು, ಗಂಡಸ್ರ ಆಟ ಆಡಿ ಸಾರ್ ಅಂತ.

ಸ್ಮ್ಯಾಶೇ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಬಾಲ್ ತಲೆ ಮೇಲೆ ಎದ್ರೆ ಪಾಪ ಅನ್ನದೆ ಹೊಡೀತೀನಿ. ಪ್ರೊಗಳೂ ಮೂರನೇ ಶಾಟ್ ಡ್ರೈವ್ ಮಾಡ್ತಾರೆ, ಒಪ್ತೀನಿ. ಆದ್ರೆ ಎಷ್ಟೋ ಸಲ ಅವರ ಲೆಕ್ಕ ಐದನೇ ಶಾಟಲ್ಲಿ ಡ್ರಾಪ್ ಮಾಡಿ ಮುಂದೆ ಬರೋದು. ನಿಮ್ಮ ಲೆಕ್ಕ ಏನು? ರೀಲ್ ತಾನೇ? ಹತ್ತು ಸ್ಮ್ಯಾಶಲ್ಲಿ ಒಳಗೆ ಬಿದ್ದ ಒಂದನ್ನ ಕಟ್ ಮಾಡಿ ಹಾಕ್ತೀರ, ಮಿಕ್ಕ ಒಂಬತ್ತು ಪಾಯಿಂಟ್ ಪಕ್ಕದಲ್ಲಿ ನಿಂತಿದ್ದ ಹುಡುಗಿ ತಲೆಗೆ ಕಟ್ತೀರ.

ಹೌದು, ನಾನೂ ಮೊದಲ ಎರಡು ತಿಂಗಳು ಹಂಗೇ ಹೊಡೀತಿದ್ದೆ. ಭಾಗ 1ರಲ್ಲಿ ಆ ವಿಡಿಯೋ ಇನ್ನೂ ಇದೆ, ಡಿಲೀಟ್ ಮಾಡಿಲ್ಲ.

ಫೆಸ್ಟ್ ಜೋಡಿಗಳ ಪಟ್ಟಿ ಇನ್ನೂ ಫೈನಲ್ ಆಗಿಲ್ಲ. ಬರೋ ಭಾನುವಾರ ಏಳು ಗಂಟೆಗೆ ಅದೇ ಕೋರ್ಟ್. ನಾನು, ನನ್ನ ಜೊತೆ ಫಸ್ಟ್ ಇಯರ್ ಹುಡುಗಿ. ಆ ಕಡೆ ಪವರ್ ಇರೋ ಇಬ್ರು ಯಾರಾದ್ರೂ ಬನ್ನಿ. 11ಕ್ಕೆ ಒಂದು ಗೇಮ್, ಎರಡು ಪಾಯಿಂಟ್ ಅಂತರ. ಸೋತವರು ಕೋರ್ಟ್ ದುಡ್ಡು ಕೊಡ್ಬೇಕು.